ಮೀನು ಕಾಲಬುಡದಲ್ಲೇ ಇದೆ

ಕಡಲಿಗೆ ಚಾಚಿದ ಕಲ್ಲಿನ ತಡೆಗೋಡೆಯ ಮೇಲೆ ಗಾಳ ಹಾಕಲು ಬರುವವರನ್ನು ನೋಡುತ್ತಾ ಕೂತರೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬಂದವರು ಚೀಲ ಇಳಿಸುತ್ತಾರೆ, ರಾಡ್ ಜೋಡಿಸುತ್ತಾರೆ, ಎರೆ ಚುಚ್ಚುತ್ತಾರೆ. ಆಮೇಲೆ ಮೈಯಲ್ಲಿರುವ ಬಲವನ್ನೆಲ್ಲಾ ಹಾಕಿ ಬೀಸುತ್ತಾರೆ. ದಾರಕ್ಕೆ ಭಾರಕ್ಕೆಂದು ಕಟ್ಟಿದ ಸೀಸ ಎಷ್ಟು ದೂರ ಹೋಗಿ ಬಿತ್ತು ಅನ್ನೋದೇ ಅವರ ಲೆಕ್ಕ. ಪಕ್ಕದವನದು ಇನ್ನೂ ಆಚೆ ಬಿದ್ದರೆ ಇವನು ಸುತ್ತಿ ತಂದು ಮತ್ತೊಮ್ಮೆ ಬೀಸುತ್ತಾನೆ. ಇಡೀ ಸಾಲು ದಿಗಂತದ ಕಡೆ ಮುಖ ಮಾಡಿ ನಿಂತಿರುತ್ತದೆ. ತಾವು ನಿಂತ ಕಲ್ಲಿನ ಬುಡದಲ್ಲಿ ನೀರು ಏನು ಮಾಡುತ್ತಿದೆ ಅಂತ ಬಗ್ಗಿ ನೋಡುವವರು ಬಹಳ ಕಡಿಮೆ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಯಾಕಂದ್ರೆ ಗೋಡೆಯ ಮೇಲಿಂದ ಸಿಗುವ ಒಳ್ಳೆಯ ಮೀನುಗಳಲ್ಲಿ ಹೆಚ್ಚಿನವು ಕೈಗೆಟಕುವಷ್ಟು ಹತ್ತಿರದಲ್ಲೇ ಇರುತ್ತವೆ. ಅಲ್ಲಿನ ಅಪಾಯವೂ ಅಷ್ಟೇ ಹತ್ತಿರದಲ್ಲಿ ಇರುತ್ತದೆ.

ದೂರ ಎಸೆಯುವ ಅಭ್ಯಾಸ ಎಲ್ಲಿಂದ ಬಂತು ಅಂತ ಯೋಚಿಸಿದರೆ ಅದಕ್ಕೂ ಕಾರಣ ಇದೆ. ಮರಳಿನ ದಂಡೆಯಲ್ಲಿ ನಿಂತವರಿಗೆ ಸಾಮಾನ್ಯವಾಗಿ ದೂರ ಬೇಕು. ಅಲ್ಲಿ ಮುಂದೆ ಇರುವುದು ಮೊಣಕಾಲುದ್ದದ ನೀರು. ಅಲೆ ಒಡೆಯುವ ಜಾಗದ ಆಚೆಗೆ ಎರೆ ಬೀಳದಿದ್ದರೆ ಅದು ನೊರೆಯ ಜೊತೆ ಉರುಳಿ ದಡಕ್ಕೇ ವಾಪಸ್ ಬರುತ್ತದೆ. ದಂಡೆಯಲ್ಲಿ ಕಲಿತವರು ಅದೇ ಕೈಯನ್ನು ಗೋಡೆಗೂ ತರುತ್ತಾರೆ. ಆದರೆ ಗೋಡೆ ನಿಮ್ಮನ್ನು ಆಗಲೇ ಆ ಜಾಗ ದಾಟಿಸಿ ಆಳದ ನೀರಿನ ಪಕ್ಕಕ್ಕೆ ತಂದು ನಿಲ್ಲಿಸಿದೆ. ದೋಣಿ ಇಲ್ಲದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅಷ್ಟು ಮುಂದೆ ತಂದು ಬಿಟ್ಟ ಮೇಲೂ ಅಲ್ಲಿಂದ ಇನ್ನೂ ಆಚೆಗೆ ಎಸೆದರೆ ಬಂದ ಲಾಭವನ್ನೆಲ್ಲಾ ದಾಟಿಕೊಂಡು ಹೋದಂತೆ, ಅಲ್ವಾ?

ಗೋಡೆ ನೀರಿನ ಅಂಚಿಗೆ ಮುಗಿಯುವುದಿಲ್ಲ

ನೋಡೋಕೆ ಸುಮ್ನೆ ದೊಡ್ಡ ಕಲ್ಲು ಸುರಿದ ರಾಶಿ ಅನ್ನಿಸುತ್ತದೆ. ಒಳಗೆ ಬೇರೆಯೇ ಲೆಕ್ಕಾಚಾರ ಇದೆ. ನಡುವೆ ಸಣ್ಣ ಕಲ್ಲಿನ ತಿರುಳು, ಅದರ ಮೇಲೆ ಮಧ್ಯಮ ಗಾತ್ರದ ಕಲ್ಲಿನ ಪದರ, ಹೊರಗೆ ಟನ್‌ಗಟ್ಟಲೆ ತೂಗುವ ಕಲ್ಲುಗಳ ಕವಚ. ನಡುವಿನ ಪದರ ಇಲ್ಲದಿದ್ದರೆ ಹಿಂದೆ ಸರಿಯುವ ಅಲೆ ಒಳಗಿನ ಸಣ್ಣ ಕಲ್ಲನ್ನೆಲ್ಲಾ ದೊಡ್ಡ ಕಲ್ಲುಗಳ ಸಂದಿನಿಂದ ಎಳೆದುಕೊಂಡು ಹೋಗುತ್ತದೆ. ಹೊರಗಿನ ಕಲ್ಲು ಎಷ್ಟು ಭಾರ ಇರಬೇಕು ಅನ್ನೋದಕ್ಕೆ ಅಮೆರಿಕದ ಸೇನಾ ಇಂಜಿನಿಯರುಗಳ ವಿಭಾಗದಲ್ಲಿದ್ದ ರಾಬರ್ಟ್ ಹಡ್ಸನ್ 1950ರ ದಶಕದಲ್ಲಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರಬೇಕು. ಅಲೆ ಎರಡು ಪಟ್ಟು ಎತ್ತರವಾದರೆ ಕಲ್ಲು ಎಂಟು ಪಟ್ಟು ಭಾರ ಇರಬೇಕು. ಈ ಲೆಕ್ಕ ಗೊತ್ತಾದ ಮೇಲೆ ನಾನು ಯಾವ ಗೋಡೆಗೆ ಹೋದರೂ ಮೊದಲು ಕಲ್ಲಿನ ಗಾತ್ರ ನೋಡುತ್ತೇನೆ. ಒಂದೇ ಗೋಡೆಯಲ್ಲಿ ದಡದ ಹತ್ತಿರ ಚಿಕ್ಕ ಕಲ್ಲು ಇರುತ್ತದೆ, ತುದಿಗೆ ಹೋದಂತೆ ಕಲ್ಲು ದೊಡ್ಡದಾಗುತ್ತದೆ. ಕಟ್ಟಿದವರು ಎಲ್ಲಿ ಯಾವ ಅಲೆಗೆ ಹೆದರಿದ್ದರು ಅನ್ನೋದು ಆ ಕಲ್ಲುಗಳಲ್ಲೇ ಕಾಣುತ್ತದೆ. ಸಮುದ್ರ ಶಾಂತವಾಗಿರುವ ದಿನವೂ ಅದನ್ನು ಓದಿಕೊಳ್ಳಬಹುದು.

ಗಾಳ ಹಾಕುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇಳಿಜಾರು. ಇಂಥ ಗೋಡೆ ನೀರೊಳಗೆ ನೇರವಾಗಿ ಇಳಿಯುವುದಿಲ್ಲ. ಸಾಮಾನ್ಯವಾಗಿ ಒಂದು ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಒಂದೂವರೆಯಿಂದ ಎರಡು ಮೀಟರ್ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅಂದರೆ ನೀರು 6 ಮೀಟರ್ ಆಳ ಇದ್ದಲ್ಲಿ ಗೋಡೆಯ ಬುಡ ನೀರಿನ ಅಂಚಿನಿಂದ 9ರಿಂದ 12 ಮೀಟರ್ ಆಚೆಗೆ ಇರುತ್ತದೆ. ಕವಚ ಜಾರದೆ ಇರಲಿ ಅಂತ ಬುಡಕ್ಕೆ ಇನ್ನೊಂದಿಷ್ಟು ಕಲ್ಲು ಹಾಕಿದ್ದರೆ ಅಂಚು ಇನ್ನೂ ಕೊಂಚ ಮುಂದೆ. ಕಲ್ಲು ಮುಗಿದು ಮರಳು ಶುರುವಾಗುವ ಆ ಗೆರೆ ಇದೆಯಲ್ಲ, ನನ್ನ ಮಟ್ಟಿಗೆ ಇಡೀ ಗೋಡೆಯಲ್ಲಿ ಅದಕ್ಕಿಂತ ಬೆಲೆಬಾಳುವ ಜಾಗ ಇಲ್ಲ. ಮರಳಿನ ಮೇಲೆ ಮೇಯುವ ಮೀನು ಅಪಾಯ ಕಂಡರೆ ಓಡಲು ಕಲ್ಲು ಹತ್ತಿರ ಇರಲಿ ಅಂತ ಅಲ್ಲಿರುತ್ತದೆ. ಕಲ್ಲಿನಲ್ಲಿ ಹೊಂಚು ಹಾಕುವ ಮೀನು ಮರಳಿನಿಂದ ಬರುವ ಬೇಟೆಗಾಗಿ ಅಲ್ಲೇ ಕಾಯುತ್ತದೆ. 60 ಮೀಟರ್ ದೂರ ಹೋಗಿ ಬಿದ್ದ ಎರೆ ಈ ಗೆರೆಯನ್ನು ಎಂದೋ ದಾಟಿ ಬರೀ ಮರಳಿನ ಬಯಲಲ್ಲಿ ಕೂತಿರುತ್ತದೆ. ಅಲ್ಲಿ ಮೀನೇ ಇಲ್ಲ ಅಂತ ನಾನು ಹೇಳೋದಿಲ್ಲ. ಗುಂಪಾಗಿ ಸಾಗುವ ಮೀನು ಬಂದ ದಿನ ದೂರ ಎಸೆದವರಿಗೇ ಸಿಗುತ್ತದೆ. ಆದರೆ ಆ ದಿನಗಳು ಅಪರೂಪ. ಬುಡದ ಅಂಚು ದಿನವೂ ಅಲ್ಲೇ ಇರುತ್ತದೆ.

ಆ ಗೆರೆಯನ್ನು ಹುಡುಕೋದು ಕಷ್ಟ ಇಲ್ಲ. ಎರೆ, ಗಾಳ ಎರಡೂ ಇಲ್ಲದೆ ಬರೀ ಸೀಸ ಕಟ್ಟಿ ಸ್ವಲ್ಪ ದೂರ ಎಸೆದು, ತಳದ ಮೇಲೆ ನಿಧಾನಕ್ಕೆ ಎಳೆದುಕೊಳ್ಳಿ. ಮರಳಿನ ಮೇಲೆ ಅದು ಮೆತ್ತಗೆ ಜಾರಿ ಬರುತ್ತದೆ. ಕಲ್ಲು ಮುಟ್ಟಿದ ಕೂಡಲೇ ರಾಡಿನ ತುದಿಯಲ್ಲಿ ಟಕ್ ಅಂತ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ರೀಲಿನಿಂದ ಎಷ್ಟು ದಾರ ಹೊರಗಿದೆ ಅಂತ ನೆನಪಿಟ್ಟುಕೊಂಡರೆ ಸಾಕು. ಬಣ್ಣದ ಪೆನ್ನಿನಿಂದ ದಾರಕ್ಕೇ ಗುರುತು ಹಾಕಿಕೊಳ್ಳುವವರೂ ಇದ್ದಾರೆ.

ಸಂದಿನೊಳಗೆ

ಕಲ್ಲಿನ ಕವಚದ ಗಾತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ, ಸುಮಾರು ಶೇಕಡಾ 35ರಿಂದ 40ರಷ್ಟು, ಬರೀ ಖಾಲಿ ಜಾಗ. ಕಾಂಕ್ರೀಟಿನ ನಾಲ್ಕು ಕಾಲಿನ ಟೆಟ್ರಾಪಾಡ್‌ಗಳಿಂದ ಕಟ್ಟಿದ ಗೋಡೆಯಲ್ಲಿ ಅದು ಅರ್ಧದಷ್ಟಕ್ಕೆ ಬರುತ್ತದೆ. ಟೆಟ್ರಾಪಾಡನ್ನು 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಒಂದು ಜಲವಿಜ್ಞಾನ ಪ್ರಯೋಗಾಲಯದಲ್ಲಿ ರೂಪಿಸಿದರು. ಈಗ ಅದು ಜಗತ್ತಿನ ಎಷ್ಟೋ ಬಂದರುಗಳಲ್ಲಿದೆ. ಖಾಲಿ ಜಾಗ ಬೇಕು ಅಂತಲೇ ಬಿಟ್ಟಿರೋದು. ಅಲೆ ಬಂದು ಬಡಿದಾಗ ನೀರು ಸಂದುಗಳೊಳಗೆ ನುಗ್ಗಿ, ಸುತ್ತಿ, ತಿರುಗಿ ಹೊರಬರುವಷ್ಟರಲ್ಲಿ ಅದರ ಸೊಕ್ಕು ಇಳಿದಿರುತ್ತದೆ. ನಯವಾದ ಗೋಡೆ ಆಗಿದ್ದರೆ ಅಲೆಯನ್ನು ಹಾಗೇ ವಾಪಸ್ ಕಳಿಸುತ್ತಿತ್ತು, ತಳದ ಮರಳನ್ನೂ ತೋಡಿಸುತ್ತಿತ್ತು. ಇಂಜಿನಿಯರುಗಳು ಅಲೆಗೆ ಅಂತ ಬಿಟ್ಟ ಜಾಗವನ್ನು ಕಡಲಿನ ಜೀವಿಗಳು ತಮ್ಮದು ಮಾಡಿಕೊಂಡವು. ಕಲ್ಲಿನ ಮೈಗೆ ಪಾಚಿ, ಸಿಂಪಿ, ನೀಲಿಕಲ್ಲು ಅನ್ನೋ ಚಿಪ್ಪುಜೀವಿ ಅಂಟುತ್ತವೆ. ಅವುಗಳ ನಡುವೆ ಸಿಗಡಿ, ಏಡಿ, ಹುಳ ಸೇರಿಕೊಳ್ಳುತ್ತವೆ. ಅವನ್ನು ತಿನ್ನೋಕೆ ಸಣ್ಣ ಮೀನು, ಸಣ್ಣ ಮೀನಿಗಾಗಿ ದೊಡ್ಡ ಮೀನು. ಮರಳಿನ ತಳದಲ್ಲಿ ಅಡಗೋಕೆ ಜಾಗವೇ ಇಲ್ಲದ ಕಡೆ ಒಂದು ಗೋಡೆ ಎದ್ದು ನಿಂತರೆ ಅಕ್ಕಪಕ್ಕದ ಜೀವಿಗಳಿಗೆಲ್ಲಾ ಅದೇ ಆಸರೆ.

ಇದನ್ನು ನನಗೆ ಕಣ್ಣಾರೆ ತೋರಿಸಿದವರು ಒಬ್ಬ ಅಜ್ಜ. ನಾವೆಲ್ಲಾ ಹೊರಬದಿಯಲ್ಲಿ ನಿಂತು ಬೀಸುತ್ತಿದ್ದ ಹೊತ್ತಲ್ಲಿ ಅವರು ಗೋಡೆಯ ಒಳಬದಿಯಲ್ಲಿ, ಕಲ್ಲಿಂದ ಕಲ್ಲಿಗೆ ನಿಧಾನ ಕಾಲಿಡುತ್ತಾ, ಪ್ರತಿ ಸಂದಿನ ಬಾಯಲ್ಲೂ ನಿಂತು ನಿಂತು ಬರುತ್ತಿದ್ದರು. ಕೈಯಲ್ಲಿ ಉದ್ದದ ರಾಡ್ ಇತ್ತು, ಆದರೆ ಬೀಸುವ ಗೋಜಿಗೇ ಹೋಗುತ್ತಿರಲಿಲ್ಲ. ರಾಡಿನ ತುದಿಯನ್ನು ಸಂದಿನ ಮೇಲಕ್ಕೆ ಚಾಚಿ ಎರೆಯನ್ನು ನೇರ ಕೆಳಗೆ ಬಿಡುತ್ತಿದ್ದರು. ಸೀಸ ತಳ ಮುಟ್ಟಿದ ಕೂಡಲೇ ಒಂದು ಗೇಣು ಮೇಲೆತ್ತಿ ಹಿಡಿಯುತ್ತಿದ್ದರು. ಅಷ್ಟೇ. ಒಂದು ಸಂದಿನಲ್ಲಿ ಸ್ವಲ್ಪ ಹೊತ್ತು, ಏನೂ ಇಲ್ಲ ಅಂದರೆ ಮುಂದಿನದಕ್ಕೆ. "ಅಜ್ಜ, ಇಷ್ಟು ಹತ್ತಿರದಲ್ಲಿ ಮೀನು ಇರುತ್ತಾ?" ಅಂತ ಕೇಳಿದೆ. "ಇರೋ ಮನೆ ಬಿಟ್ಟು ಅದು ಯಾಕೆ ಬಯಲಿಗೆ ಹೋಗುತ್ತೆ ತಮ್ಮಾ?" ಅಂದರು, ತಲೆ ಎತ್ತದೆ.

ಅಷ್ಟರಲ್ಲೇ ರಾಡ್ ಬಾಗಿತು. ಮೀನು ಒಂದೇ ಎಳೆತಕ್ಕೆ ಸಂದಿನೊಳಗೆ ನುಗ್ಗಿ ಸಿಕ್ಕಿಕೊಂಡಿತು. ದಾರ ಕಲ್ಲಿಗೆ ತಾಗಿ ಬಿಗಿದು ಸಣ್ಣಗೆ ಕರಕರ ಅನ್ನುತ್ತಿತ್ತು. ನಾನಾಗಿದ್ದರೆ ಇನ್ನೂ ಬಲವಾಗಿ ಎಳೆಯುತ್ತಿದ್ದೆನೋ ಏನೋ. ಅಜ್ಜ ರೀಲಿನ ಬಿಗಿ ಬಿಚ್ಚಿ ದಾರವನ್ನು ಪೂರ್ತಿ ಸಡಿಲ ಮಾಡಿದರು. ರಾಡನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರವನ್ನು ಎರಡು ಬೆರಳ ನಡುವೆ ಹಗುರ ಹಿಡಿದು ಕೂತರು. "ಮುರು ಮೀನು. ಈಗ ಕಿವಿರು, ಮುಳ್ಳು ಎಲ್ಲಾ ಅಗಲಿಸಿ ಕಲ್ಲಿಗೆ ಒತ್ತಿಕೊಂಡಿದೆ. ಎಳೆದಷ್ಟೂ ಒತ್ತಿಕೊಳ್ಳುತ್ತೆ. ಅದಕ್ಕೆ ಸಮಾಧಾನ ಆಗಲಿ." ನನಗೆ ಆ ಕಾಯುವಿಕೆ ತುಂಬಾ ದೊಡ್ಡದಾಗಿ ಕಂಡಿತು. ನೀರು ಸಂದಿನಲ್ಲಿ ಏರಿ ಇಳಿದು ಏರಿ ಇಳಿದು ಮಾಡುತ್ತಿತ್ತು. ಸಡಿಲ ದಾರವೂ ಅದರ ಜೊತೆ ತೇಲಿ ಮುಳುಗುತ್ತಿತ್ತು. ಒಮ್ಮೆ ನೀರು ಇಳಿದರೂ ದಾರ ಮಾತ್ರ ಅಡ್ಡಕ್ಕೆ ನಾಲ್ಕು ಬೆರಳಷ್ಟು ಸರಿಯಿತು. ನೀರಿನ ಚಲನೆಗೂ ಅದಕ್ಕೂ ತಾಳೆ ಇರಲಿಲ್ಲ. ಅಜ್ಜನ ಬೆರಳಿಗೆ ಅದು ನನ್ನ ಕಣ್ಣಿಗಿಂತ ಮೊದಲೇ ಗೊತ್ತಾಗಿರಬೇಕು. ಎದ್ದು ನಿಂತವರೇ ರಾಡನ್ನು ನೇರ ಮೇಲಕ್ಕೆ ಎತ್ತಿದರು. ಮೀನು ಸಂದಿನಿಂದ ಹೊರಗೆ ಬಂದಾಗಿತ್ತು. ಕಂದು ಮೈ, ಮೇಲೆಲ್ಲಾ ಕಿತ್ತಳೆ ಚುಕ್ಕೆ, ಆ ಅಗಲ ಬಾಯಿ. ಹೊರಬದಿಯಲ್ಲಿ ನಿಂತವರಿಗೆ ಇದು ಯಾವುದೂ ಕಾಣಿಸಲೇ ಇಲ್ಲ.

ಆ ಉದ್ದದ ರಾಡ್ ಯಾಕೆ ಅನ್ನೋದೂ ಆಗಲೇ ಅರ್ಥವಾಯಿತು. ಗೋಡೆಯ ಮೇಲೆ ಮೂರು, ನಾಲ್ಕು ಮೀಟರಿನ ರಾಡ್ ಬೇಕಾಗೋದು ದೂರಕ್ಕಿಂತ ಹೆಚ್ಚಾಗಿ ಮುಂದೆ ಚಾಚಿರುವ ಕಲ್ಲುಗಳಿಗೆ ದಾರ ತಾಗದಂತೆ ಹಿಡಿಯೋಕೆ. ಮೀನನ್ನು ಕಲ್ಲಿನಿಂದ ಆಚೆಗೇ ಇಟ್ಟುಕೊಂಡು ದಣಿಸೋಕೆ. ಅಂಗಡಿಯಲ್ಲಿ ಎಷ್ಟು ಮೀಟರ್ ಎಸೆಯುತ್ತೆ ಅಂತ ಕೇಳುವ ಬದಲು ಮೀನನ್ನು ಕಲ್ಲಿನಿಂದ ಎಷ್ಟು ದೂರ ಇಡುತ್ತೆ ಅಂತ ಕೇಳಬೇಕು ಅನ್ನಿಸುತ್ತದೆ.

ಉಬ್ಬರ, ಇಳಿತ ಮತ್ತು ನೀರಿನ ಓಟ

ಹತ್ತಿರದ ನೀರನ್ನು ನೋಡಬೇಕು ಅಂದರೆ ಯಾವಾಗ ನೋಡಬೇಕು ಅನ್ನೋದೂ ಬರುತ್ತದೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಉಬ್ಬರ ನಾಳೆ ಹೆಚ್ಚುಕಡಿಮೆ 50 ನಿಮಿಷ ತಡವಾಗಿ ಬರುತ್ತದೆ. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ. ನಾವಿಕರ ಹಳೆಯ ಲೆಕ್ಕ ಒಂದಿದೆ. ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೇ ಗಂಟೆ ಎರಡು, ಮೂರು ಮತ್ತು ನಾಲ್ಕನೇ ಗಂಟೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅರ್ಧ ಏರಿಕೆ ನಡುವಿನ ಎರಡೇ ಗಂಟೆಯಲ್ಲಿ ಮುಗಿದುಹೋಗುತ್ತದೆ. ಇದು ಅಂದಾಜಿನ ಲೆಕ್ಕ, ಎಲ್ಲಾ ಕಡೆಗೂ ಹೊಂದುವುದಿಲ್ಲ. ಆದರೂ ಎರಡು ಕೆಲಸಕ್ಕೆ ಬರುತ್ತದೆ. ನೀರು ಓಡುವಾಗ ಸಣ್ಣ ಜೀವಿಗಳು ಅದರ ಜೊತೆ ಕೊಚ್ಚಿಕೊಂಡು ಬರುತ್ತವೆ, ಹೊಂಚುವ ಮೀನು ಆಗಲೇ ಚುರುಕಾಗೋದು. ಇನ್ನೊಂದು, ನೀವು ನಿಂತ ಕೆಳಗಿನ ಕಲ್ಲು ಅದೇ ನಡುವಿನ ಹೊತ್ತಿನಲ್ಲಿ ಎಣಿಸಿದ್ದಕ್ಕಿಂತ ಬೇಗ ಮುಳುಗುತ್ತದೆ.

ಗೋಡೆಯ ತುದಿಯಲ್ಲಿ ನಿಂತು ನೋಡಿದರೆ ಓಡುವ ನೀರಿಗೂ ನಿಂತ ನೀರಿಗೂ ನಡುವೆ ಒಂದು ಗೆರೆ ಕಾಣುತ್ತದೆ. ನೊರೆ, ಕಸ, ಎಲೆ ಎಲ್ಲಾ ಆ ಗೆರೆಯಲ್ಲಿ ಸಾಲು ಹಿಡಿದಿರುತ್ತವೆ. ಅದರ ಒಳಬದಿಯಲ್ಲಿ ನೀರು ಹಿಂದಕ್ಕೆ ಸುತ್ತುತ್ತಿರುತ್ತದೆ. ಮೀನು ಆ ಸುತ್ತುವ ನೀರಿನಲ್ಲಿ ಹೆಚ್ಚು ಶ್ರಮ ಇಲ್ಲದೆ ನಿಂತು, ಓಡುವ ನೀರು ತರುವುದನ್ನು ಹೆಕ್ಕಿಕೊಳ್ಳುತ್ತದೆ. ಅಲ್ಲಿಗೆ ಬೆಂಡು ಕಟ್ಟಿ ಬಿಟ್ಟರೆ ನೀರೇ ಎರೆಯನ್ನು ಸರಿಯಾದ ಜಾಗಕ್ಕೆ ಒಯ್ಯುತ್ತದೆ. ಎಸೆಯುವ ಬಲ ಬೇಡವೇ ಬೇಡ. ಬೆಳಗಿನ ಜಾವ, ಸಂಜೆ ಹೊತ್ತು ಮೀನು ಗೋಡೆಗೆ ಇನ್ನೂ ಹತ್ತಿರ ಬರುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಸುಡುಬಿಸಿಲಲ್ಲೂ ಗೋಡೆಯ ನೆರಳು ಬೀಳುವ ಬದಿಯನ್ನು ಯಾರೂ ನೋಡುವುದಿಲ್ಲ ಅನ್ನೋದು ನನ್ನ ಬೇಸರ.

ಒಣಗಿದಂತೆ ಕಾಣುವ ಕಲ್ಲು

ಈಗ ಅಪಾಯದ ಮಾತು. ಇದನ್ನು ಬರೆಯೋಕೆ ಅಂತಲೇ ಈ ಬರಹ ಶುರು ಮಾಡಿದ್ದು ಅಂದರೂ ತಪ್ಪಿಲ್ಲ.

ಒಂದು ಸಂಜೆ ಸಮುದ್ರ ಬಹಳ ಶಾಂತವಾಗಿತ್ತು. ಗಾಳಿ ಇಲ್ಲ, ಅಲೆ ಬಂದು ಕಲ್ಲನ್ನು ಸವರಿ ಹೋಗುವಷ್ಟೇ. ಇಬ್ಬರು ಹುಡುಗರು ಮೇಲಿನ ಸಾಲಿನಿಂದ ಇಳಿದು ನೀರಿನ ಹತ್ತಿರದ ಒಂದು ಚಪ್ಪಟೆ ಕಲ್ಲಿನ ಮೇಲೆ ನಿಂತಿದ್ದರು. ನಿಲ್ಲೋಕೆ ಹೇಳಿ ಮಾಡಿಸಿದಂಥ ಕಲ್ಲು. ಮೇಲ್ಮೈ ಪೂರಾ ಒಣಗಿತ್ತು. ನಾನು ಅವರ ಹಿಂದೆಯೇ ಮೇಲೆ ಕೂತಿದ್ದೆ. ಆ ಕಲ್ಲಿನಿಂದ ಎರಡು ಮೆಟ್ಟಿಲು ಮೇಲಿನ ಕಲ್ಲಿನಲ್ಲಿ ಒಂದು ಸಣ್ಣ ಗುಂಡಿ ಇತ್ತು, ಅದರಲ್ಲಿ ನೀರು. ಬೆರಳು ಅದ್ದಿದೆ. ತಣ್ಣಗಿತ್ತು. ಮಧ್ಯಾಹ್ನದಿಂದ ಬಿಸಿಲಲ್ಲಿ ಇದ್ದ ನೀರಾಗಿದ್ದರೆ ಬೆಚ್ಚಗಾಗಿರಬೇಕಿತ್ತು, ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ ಕಟ್ಟಿರಬೇಕಿತ್ತು. ಯಾವುದೂ ಇರಲಿಲ್ಲ. ಅಂದರೆ ಇತ್ತೀಚೆಗೆ ಯಾವುದೋ ಅಲೆ ಅಲ್ಲಿಯವರೆಗೂ ಬಂದು ಹೋಗಿತ್ತು. "ಮೇಲೆ ಬನ್ನಿ ಮಾರಾಯ್ರೆ, ಅಲ್ಲಿ ನೀರು ಹತ್ತುತ್ತೆ" ಅಂತ ಕೂಗಿದೆ. ಒಬ್ಬ ತಿರುಗಿ ನೋಡಿ ಕೈ ಆಡಿಸಿದ, ಬರ್ತೀವಿ ಅನ್ನೋ ಹಾಗೆ. ಅವರು ರಾಡ್ ಎತ್ತಿಕೊಂಡು ಒಂದು ಕಲ್ಲು ಹತ್ತಿದ್ದರು ಅಷ್ಟೇ. ಹೊರಗೆ ನೀರು ಉಬ್ಬಿದ್ದು ಕಂಡಿತು, ಒಡೆಯಲೂ ಇಲ್ಲ, ನೊರೆಯೂ ಇಲ್ಲ. ಸದ್ದಿಲ್ಲದೆ ಇಡೀ ನೀರಿನ ಮಟ್ಟವೇ ಎದ್ದು ಆ ಚಪ್ಪಟೆ ಕಲ್ಲನ್ನು ಮುಚ್ಚಿ, ಅವರ ಮೊಣಕಾಲಿನವರೆಗೆ ಬಂತು. ಹಿಂದೆ ಹೋಗುವಾಗ ಎಳೆದ ಎಳೆತಕ್ಕೆ ಒಬ್ಬ ಕಲ್ಲನ್ನು ಅಪ್ಪಿಕೊಂಡು ಕೂತೇಬಿಟ್ಟ. ಕೆಳಗೆ ಬಿಟ್ಟಿದ್ದ ಎರೆಯ ಬಕೆಟ್ ಆಚೆಗೆ ತೇಲಿಹೋಗಿತ್ತು. ಅದರ ಬೆನ್ನಿಗೇ ಇನ್ನೆರಡು ಅಲೆ ಅಷ್ಟೇ ದೊಡ್ಡವು ಬಂದವು. ಆಮೇಲೆ ಸಮುದ್ರ ಮತ್ತೆ ಮೊದಲಿನ ಹಾಗೆ ಶಾಂತ. ಹುಡುಗನ ಮೊಣಕೈ, ಅಂಗೈಯಲ್ಲೆಲ್ಲಾ ಸಿಂಪಿ ಚಿಪ್ಪು ಕೊಯ್ದು ರಕ್ತ. ಜೀವ ಉಳಿದಿತ್ತು, ಅದೇ ದೊಡ್ಡದು.

ಇದು ವಿಚಿತ್ರ ಅಲೆ ಅಲ್ಲ, ಬರಲೇಬೇಕಾದ ಅಲೆ. ಹವಾಮಾನದವರು "ಅಲೆಯ ಎತ್ತರ ಇಷ್ಟು" ಅಂತ ಹೇಳುವ ಅಂಕಿ ಸಾಮಾನ್ಯವಾಗಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಸರಾಸರಿ ಅಂದ ಮೇಲೆ ಅದಕ್ಕಿಂತ ಎತ್ತರದವು ಇದ್ದೇ ಇರುತ್ತವೆ. ಬ್ರಿಟನ್ನಿನ ಗಣಿತಜ್ಞ ಮೈಕೆಲ್ ಲಾಂಗೆ-ಹಿಗಿನ್ಸ್ 1952ರಲ್ಲಿ ಅಲೆಗಳ ಎತ್ತರ ಹೇಗೆ ಹಂಚಿಹೋಗಿರುತ್ತದೆ ಅನ್ನೋದರ ಲೆಕ್ಕ ತೋರಿಸಿದರು. ಆ ಲೆಕ್ಕದಲ್ಲಿ ಸಾವಿರ ಅಲೆಗೆ ಒಂದರಂತೆ ಆ ಅಂಕಿಯ ಹತ್ತಿರ ಹತ್ತಿರ ಎರಡು ಪಟ್ಟು ಎತ್ತರದ ಅಲೆ ಬರುತ್ತದೆ. ಸಾವಿರ ಅಂದರೆ ಬಹಳ ಅನ್ನಿಸುತ್ತದೆ. ಹತ್ತು ಸೆಕೆಂಡಿಗೆ ಒಂದು ಅಲೆ ಅಂತ ಇಟ್ಟುಕೊಳ್ಳಿ, ಮೂರು ಗಂಟೆಯೊಳಗೆ ಸಾವಿರ ಮುಗಿಯುತ್ತದೆ. ಗಾಳ ಹಾಕೋಕೆ ಬಂದವರು ಅಷ್ಟು ಹೊತ್ತು ಕೂರೋದು ಮಾಮೂಲಿ. ದೂರದ ಬಿರುಗಾಳಿಯಿಂದ ಹೊರಟು ಬಂದ ಅಲೆಗಳು ಗುಂಪು ಗುಂಪಾಗಿಯೂ ಬರುತ್ತವೆ. ನಡುವೆ ಹತ್ತಿಪ್ಪತ್ತು ನಿಮಿಷ ಏನೂ ಇಲ್ಲದಂತೆ ಇದ್ದು, ಒಮ್ಮೆಲೇ ದೊಡ್ಡವು ಒಂದರ ಹಿಂದೆ ಒಂದು. ಒಂದು ಅಲೆಗೂ ಇನ್ನೊಂದಕ್ಕೂ ಹೊತ್ತು ಜಾಸ್ತಿ ಇದ್ದಷ್ಟೂ ಆ ಅಲೆ ಇಳಿಜಾರಿನ ಮೇಲೆ ಹೆಚ್ಚು ಎತ್ತರ ಏರುತ್ತದೆ. ಗಾಳಿ ಇಲ್ಲದ, ಬಿಸಿಲಿನ ದಿನವೇ ಹೀಗಾಗೋದು ಹೆಚ್ಚು ನೋವಿನ ವಿಷಯ, ಯಾಕಂದ್ರೆ ಅವತ್ತು ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾಗಿ ನಾನು ಚೀಲ ಬಿಚ್ಚುವ ಮುಂಚೆ ಅರ್ಧ ಗಂಟೆ ಮೇಲಿನ ಸಾಲಿನಲ್ಲೇ ಕೂತು ನೋಡುತ್ತೇನೆ. ಎತ್ತರದ ಗುಂಡಿಗಳಲ್ಲಿ ನೀರಿದೆಯಾ, ತಣ್ಣಗಿದೆಯಾ. ಕಲ್ಲಿನ ಮೇಲಿನ ಕಪ್ಪು, ಹಸಿರು ಪಾಚಿಯ ಪಟ್ಟಿ ಎಲ್ಲಿಯವರೆಗೆ ಬಂದಿದೆ. ಆ ಪಟ್ಟಿಯ ಮೇಲೆ ಕಾಲಿಡಲೇಬಾರದು, ಯಾವ ಚಪ್ಪಲಿಯೂ ಅಲ್ಲಿ ನಿಲ್ಲುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಳ್ಳೋಕೆ ನಾಚಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಂಡೆಗಳ ಮೇಲಿಂದ ಗಾಳ ಹಾಕುವವರು ಸಾಯುತ್ತಿದ್ದರು ಅಂತ 2016ರಲ್ಲಿ ಅದಕ್ಕೇ ಒಂದು ಕಾಯ್ದೆ ತಂದರು. ಅಪಾಯದ ಜಾಗ ಅಂತ ಗುರುತಿಸಿದಲ್ಲಿ ಜಾಕೆಟ್ ಕಡ್ಡಾಯ. ಕಾಯ್ದೆ ಇಲ್ಲದ ಕಡೆ ಅಲೆ ಮೆತ್ತಗೇನೂ ಇರುವುದಿಲ್ಲವಲ್ಲ. ಯಾರಾದರೂ ನೀರಿಗೆ ಬಿದ್ದರೆ ತಕ್ಷಣ ಕಲ್ಲಿಗೆ ಹತ್ತಲು ಹೆಣಗಬಾರದು, ಮುಂದಿನ ಅಲೆ ಅದೇ ಕಲ್ಲಿಗೆ ಬಡಿಯುತ್ತದೆ. ಕಲ್ಲಿನಿಂದ ಆಚೆಗೆ ಈಜಿ, ತೇಲಿಕೊಂಡು, ಸಹಾಯಕ್ಕೆ ಕಾಯಬೇಕು. ಮೇಲಿದ್ದವರು ಹಿಂದೆಯೇ ಹಾರಬಾರದು. ಖಾಲಿ ಕ್ಯಾನ್, ಥರ್ಮೋಕೋಲ್ ಪೆಟ್ಟಿಗೆ, ತೇಲುವಂಥದ್ದು ಏನಿದೆಯೋ ಅದನ್ನು ಎಸೆದು, ಕಣ್ಣು ಅವರ ಮೇಲೇ ಇಟ್ಟು, ಫೋನ್ ಮಾಡಬೇಕು.

ಟೆಟ್ರಾಪಾಡ್ ಗೋಡೆಯಾದರೆ ನಾನು ಅದರ ಮೇಲೆ ಹತ್ತುವುದೇ ಇಲ್ಲ. ದುಂಡನೆಯ ಕಾಲುಗಳ ಮೇಲೆ ಜಾರಿದರೆ ಬೀಳೋದು ಸಂದಿನೊಳಕ್ಕೆ. ಕೆಳಗೆ ನೀರು, ಮೇಲೆ ಹತ್ತೋಕೆ ಹಿಡಿತ ಇಲ್ಲ, ಅಲೆಯ ಸದ್ದಿನಲ್ಲಿ ಕೂಗಿದ್ದು ಯಾರಿಗೂ ಕೇಳುವುದಿಲ್ಲ.

ಕಲ್ಲಿಗೆ ಬಿಟ್ಟು ಬರುವ ದಾರ

ಹತ್ತಿರದಲ್ಲಿ ಗಾಳ ಹಾಕಿದರೆ ಸಿಕ್ಕಿಕೊಳ್ಳುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ದೂರ ಎಸೆದವರೂ ಸುತ್ತಿಕೊಳ್ಳುವಾಗ ಅದೇ ಕಲ್ಲಿನ ಇಳಿಜಾರನ್ನು ಕೆಳಗಿಂದ ಮೇಲಕ್ಕೆ ಎಳೆಯಲೇಬೇಕು. ಹೆಚ್ಚಿನ ಗಾಳ ಕಳೆದುಹೋಗೋದು ಆ ಕೊನೆಯ ಹತ್ತು ಮೀಟರಿನಲ್ಲೇ. ಬೆಂಡು ಕಟ್ಟಿ ಎರೆಯನ್ನು ಕಲ್ಲಿನಿಂದ ಒಂದು ಮೊಳ ಮೇಲೆ ತೇಲಿಸಿದರೆ ಅರ್ಧ ತಾಪತ್ರಯ ಕಳೆಯಿತು. ತಳಕ್ಕೇ ಹಾಕಬೇಕು ಅಂದರೆ ಸೀಸವನ್ನು ಮುಖ್ಯ ದಾರಕ್ಕಿಂತ ಬಹಳ ತೆಳ್ಳಗಿನ ದಾರದಲ್ಲಿ ಕಟ್ಟಬೇಕು. ಸೀಸ ಸಿಕ್ಕಿಕೊಂಡಾಗ ಅದೊಂದೇ ಕಡಿದು ಹೋಗುತ್ತದೆ, ಉಳಿದಿದ್ದೆಲ್ಲಾ ವಾಪಸ್ ಬರುತ್ತದೆ. ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದ ದಾರ, ಹಿಗ್ಗುವುದಿಲ್ಲ, ತಳದ ಪ್ರತಿ ಮುಟ್ಟು ಕೈಗೆ ಹೇಳುತ್ತದೆ. ಆದರೆ ಚಿಪ್ಪು ಅಂಟಿದ ಕಲ್ಲಿಗೆ ಬಿಗಿಯಾಗಿ ಒಮ್ಮೆ ಉಜ್ಜಿದರೆ ಸಾಕು, ತುಂಡು. ಅದಕ್ಕೇ ತುದಿಗೆ ಒಂದೆರಡು ಮಾರು ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಅನ್ನೋ ಪ್ಲಾಸ್ಟಿಕ್ಕಿನ ದಾರ ಬೇಕು. ನೈಲಾನ್ ನೀರು ಹೀರಿಕೊಂಡು ಸ್ವಲ್ಪ ಬಲ ಕಳೆದುಕೊಳ್ಳುತ್ತದೆ ಅನ್ನೋದನ್ನು ಲೆಕ್ಕದಲ್ಲಿ ಇಟ್ಟುಕೊಂಡು ದಪ್ಪ ಆರಿಸಬೇಕು.

ಇದನ್ನೆಲ್ಲಾ ಹೇಳೋಕೆ ಕಾರಣ ದುಡ್ಡು ಉಳಿಸೋದಲ್ಲ. ನೀರು ಪೂರಾ ಇಳಿದ ದಿನ ಗೋಡೆಯ ಕೆಳಗಿನ ಕಲ್ಲುಗಳನ್ನು ನೋಡಿ. ಸಂದು ಸಂದಿನಲ್ಲೂ ದಾರದ ಸಿಕ್ಕು. ಒಮ್ಮೆ ಒಂದು ಸಿಕ್ಕನ್ನು ಬಿಡಿಸುತ್ತಾ ಕೂತಾಗ ಅದರೊಳಗೆ ಒಂದು ಏಡಿ ಸಿಕ್ಕಿತು. ಕಾಲುಗಳ ಕೀಲಿಗೆ ದಾರ ಸುತ್ತಿ ಸುತ್ತಿ ಒಂದು ಕೊಂಡಿ ಮಾತ್ರ ಆಡುತ್ತಿತ್ತು. ಆ ಕೊಂಡಿಯಿಂದ ಅದು ದಾರವನ್ನೇ ಚಿವುಟುತ್ತಿತ್ತು. ಪಕ್ಕದಲ್ಲೇ ಅದೇ ದಾರದಲ್ಲಿ ಇನ್ನೊಂದು ಏಡಿಯ ಬರೀ ಚಿಪ್ಪು ಇತ್ತು. ನೈಲಾನ್ ಕೊಳೆಯುವುದಿಲ್ಲ, ನಾವು ಮನೆಗೆ ಹೋದ ಮೇಲೂ ಅದು ಹಿಡಿಯುತ್ತಲೇ ಇರುತ್ತದೆ. ಚೀಲದಲ್ಲಿ ಒಂದು ಕತ್ತರಿ, ಒಂದು ಡಬ್ಬಿ ಇದ್ದರೆ ಪ್ರತಿ ಸಲ ಒಂದಿಷ್ಟು ತುಂಬಿಕೊಂಡು ಬರಬಹುದು. ಬೇರೆಯವರು ಬಿಟ್ಟದ್ದನ್ನೂ ಸೇರಿಸಿ. ಗೋಡೆಗೆ ಗಾಳದವರು ಬರಬಾರದು ಅಂತ ಬಂದರಿನವರು ಬೇಲಿ ಹಾಕುವುದಕ್ಕೆ ಸಾವುನೋವಿನ ನಂತರದ ಕಾರಣ ಹೆಚ್ಚಾಗಿ ಈ ಗಲೀಜೇ ಆಗಿರುತ್ತದೆ.

ಮೇಲೆತ್ತುವುದು, ಕೆಳಗಿಳಿಸುವುದು

ಮೀನು ಸಿಕ್ಕಿದ ಮೇಲೆ ಅದನ್ನು ಮೇಲೆ ತರುವುದು ಹೇಗೆ ಅನ್ನೋದನ್ನು ಗಾಳ ಬಿಡುವ ಮುಂಚೆ ಯೋಚಿಸಬೇಕು. ಕೆಳಗಿನ ಕಲ್ಲಿಗೆ ಇಳಿದು ಕೈಯಿಂದ ಹಿಡಿಯೋಕೆ ಹೋಗುವ ಆ ಹೊತ್ತಿನಷ್ಟು ಕೆಟ್ಟ ಹೊತ್ತು ಬೇರೆ ಇಲ್ಲ. ಬೆನ್ನು ಸಮುದ್ರಕ್ಕೆ, ಕಣ್ಣು ಮೀನಿನ ಮೇಲೆ, ಕಾಲು ಪಾಚಿಯ ಮೇಲೆ. ಉದ್ದ ಹಿಡಿಯ ಕೈಬಲೆ ಇಲ್ಲದೆ ಗೋಡೆಗೆ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಗೋಡೆ ತೀರಾ ಎತ್ತರ ಇದ್ದರೆ ಹಗ್ಗಕ್ಕೆ ಕಟ್ಟಿ ಇಳಿಸುವ ದುಂಡು ಬಲೆ ಬೇಕು. ಎರಡೂ ಇಲ್ಲ ಅಂದರೆ ಅಲೆ ತಾನಾಗಿ ಮೀನನ್ನು ಕಲ್ಲಿನ ಮೇಲೆ ತಂದು ಬಿಡುವವರೆಗೆ ಮೇಲೆಯೇ ಕಾಯಬೇಕು. ಅದೂ ಆಗದಿದ್ದರೆ ದಾರ ಕತ್ತರಿಸಬೇಕು. ಮೀನು ಹೋಗಲಿ.

ದೊಡ್ಡ ಮೀನು ಸಿಕ್ಕರೆ ನನ್ನ ಮನಸ್ಸು ಈಗೀಗ ಬೇರೆ ಥರ ಯೋಚಿಸುತ್ತದೆ. ಮುರು ಮೀನಿನ ಜಾತಿಯಲ್ಲಿ ಹೆಚ್ಚಿನವು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ನದಿಬಾಯಿಯ ಗೋಡೆಗಳಲ್ಲಿ ಸಿಗುವ ಬಾರಾಮುಂಡಿ ಅನ್ನೋ ಮೀನು ಇದಕ್ಕೆ ತದ್ವಿರುದ್ಧ, ಮೊದಲು ಗಂಡು, ಆಮೇಲೆ ಹೆಣ್ಣು. ಎರಡರಲ್ಲೂ ದೊಡ್ಡ ಮೀನು ತೆಗೆದರೆ ಕಡಿಮೆಯಾಗೋದು ಒಂದೇ ಕಡೆಯವು. ಮುರುವಿನಲ್ಲಿ ಗಂಡು, ಬಾರಾಮುಂಡಿಯಲ್ಲಿ ಮೊಟ್ಟೆ ಇಡುವ ಹೆಣ್ಣು. ಜೊತೆಗೆ ಮುರು ಊರೂರು ಸುತ್ತುವ ಮೀನಲ್ಲ, ತನ್ನ ಸಂದು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಒಂದು ಗೋಡೆಯ ದೊಡ್ಡ ಮೀನುಗಳನ್ನೆಲ್ಲಾ ಒಂದು ಬೇಸಿಗೆಯಲ್ಲಿ ತೆಗೆದರೆ ಆ ಸಂದುಗಳು ಬಹಳ ಕಾಲ ಸಣ್ಣ ಮೀನಿನ ಪಾಲಾಗಿಯೇ ಉಳಿಯುತ್ತವೆ. ಅದಕ್ಕೇ ಊಟಕ್ಕೆ ನಡುಗಾತ್ರದ್ದು ಒಂದು ಸಾಕು, ದೊಡ್ಡದನ್ನು ಬಿಡೋಣ ಅನ್ನೋದು ನನ್ನ ನಿಲುವು. ಆಯಾ ಕಡೆ ಅಳತೆಯ ನಿಯಮ ಇದ್ದರೆ ಮೊದಲು ಅದು.

ಆದರೆ ಬಿಡುವುದು ಅಂದರೆ ಮೇಲಿಂದ ಎಸೆಯುವುದಲ್ಲ. ಎಷ್ಟೋ ಜನ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ, ಕೆಳಗಿನ ಕಲ್ಲಿಗೆ ಬಡಿದು ಮೀನು ಅಲ್ಲೇ ಮುಗಿಯುತ್ತದೆ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣ ಕೈ ಅದರ ಮೈಯ ಲೋಳೆ ಕಿತ್ತುಬಿಡುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ. ಗಾಳ ಗಂಟಲಿಗೆ ಇಳಿದಿದ್ದರೆ ಕೀಳೋಕೆ ಹೋಗದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ. ಆಮೇಲೆ ಮೇಲೆತ್ತಿದ ಅದೇ ಬಲೆಯಲ್ಲಿ ಇಟ್ಟು ನೀರಿಗೆ ಇಳಿಸಿ. ಅಲೆ ಹಿಂದೆ ಸರಿಯುವ ಹೊತ್ತು ನೋಡಿ ಬಲೆಯನ್ನು ಮಗುಚಿದರೆ ನೀರೇ ಅದನ್ನು ಕಲ್ಲಿನಿಂದ ಆಚೆಗೆ ಒಯ್ಯುತ್ತದೆ. ಗೋಡೆಯ ಕಡೆಗೆ ಬರುವ ಅಲೆಗೆ ಬಿಟ್ಟರೆ ಮತ್ತೆ ಕಲ್ಲಿಗೇ ತಂದು ಬಡಿಯುತ್ತದೆ, ಆದ್ದರಿಂದ ಅವಸರ ಮಾಡಬೇಡಿ. ಮೀನು ಬಲೆಯೊಳಗೆ, ನೀರಿನಲ್ಲಿ ಮುಳುಗಿಯೇ ಇದ್ದರೆ ಒಂದೆರಡು ಅಲೆ ಕಾಯೋಕೆ ಅದಕ್ಕೇನೂ ತೊಂದರೆ ಇಲ್ಲ.